ಕಲಿಕಾ ತೊಂದರೆ ಇರೋ ಮಕ್ಕಳಿಗೆ ಬ್ರೈನ್ ಟ್ರೈನಿಂಗಾ, ಥೆರಪಿನಾ, ರೆಮಿಡಿಯಲ್ಲಾ? ಫೀಸ್ ಕಟ್ಟೋ ಮುಂಚೆ ಒಂದ್ಸಲ ನೋಡ್ಕೊಳಿ

ಮಗಳ ರಿಪೋರ್ಟಲ್ಲಿ ಒಂದು ಸಾಲಿತ್ತು, ವರ್ಕಿಂಗ್ ಮೆಮೊರಿ, ಅಂದ್ರೆ ಕೇಳಿದ್ದು ಓದಿದ್ದು ಆ ಕ್ಷಣಕ್ಕೆ ತಲೇಲಿ ಹಿಡಿದಿಟ್ಕೊಳೋ ಶಕ್ತಿ, ವಯಸ್ಸಿಗಿಂತ ಕಡಿಮೆ ಅಂತ. ಆ ಒಂದು ಸಾಲು ನಮ್ಮನೇಲಿ ಒಂದು ವರ್ಷಾನೂ ಹತ್ತತ್ರ 40 ಸಾವಿರ ರೂಪಾಯೀನೂ ತಿಂದ್ಹಾಕ್ತು. ಮಗಳು ಆಗ ಮೂರನೇ ಕ್ಲಾಸು. ಮಾತಿಗೆ ನಿಂತ್ರೆ ಅವರಜ್ಜಿನೇ ಸುಸ್ತಾಗ್ಬೇಕು, ಅಂಗಡಿಗೆ ಕಳಿಸಿದ್ರೆ ಚಿಲ್ಲರೆ ಲೆಕ್ಕ ಸರಿಯಾಗಿ ತರ್ತಾಳೆ, ಪುಸ್ತಕ ತೆಗೆದ್ರೆ ಮಾತ್ರ ‘ಅಕ್ಕ’ ಹೋಗಿ ‘ಅಕ’ ಆಗುತ್ತೆ, ‘ಕಾಲು’ ಹೋಗಿ ‘ಕಲು’ ಆಗುತ್ತೆ, ಒಂದು ಸಾಲು ಓದಿ ಮುಗಿಸೋಷ್ಟ್ರಲ್ಲಿ ಮೊದಲ ಪದ ಏನಿತ್ತು ಅಂತಾನೇ ಮರೆತಿರ್ತಾಳೆ. ಇಲ್ಲಿ ಮೈಸೂರಲ್ಲಿ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಕರ್ಕೊಂಡ್ ಹೋದ್ವಿ, ಅದೇ ಮಾನಸಗಂಗೋತ್ರಿಯ ಆಯಿಷ್, ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಚೆನ್ನಾಗಿದ್ರೂ ಓದು ಬರಹ ಮಾತ್ರ ಕಷ್ಟ ಆಗೋ ತೊಂದರೆ ಅಂತ ಗೊತ್ತಾಯ್ತು. ಆ ಸಾಲು ನೋಡಿ ನಾನು ಬುದ್ಧಿವಂತನ ಥರ ಲೆಕ್ಕ ಹಾಕ್ದೆ: ಮೆಮೊರಿ ಕಡಿಮೆ ಇದ್ಯಾ, ಸರಿ, ಮೆಮೊರೀನೇ ಜಾಸ್ತಿ ಮಾಡ್ಸೋಣ, ಓದು ತಾನಾಗೇ ಬರುತ್ತೆ. ಒಂದು ಬ್ರೈನ್ ಟ್ರೈನಿಂಗ್ ಸೆಂಟರ್‌ಗೆ ಸೇರ್ಸಿದ್ವಿ. ಮೂರು ತಿಂಗಳಲ್ಲಿ ಕಂಪ್ಯೂಟರ್ ಆಟದಲ್ಲಿ ಲೆವೆಲ್ ಮೇಲೆ ಲೆವೆಲ್ ಏರಿದ್ಲು, ಅವರು ಕೊಟ್ಟ ಗ್ರಾಫ್ ನೋಡಿದ್ರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ಹಾಗಿತ್ತು. ‘ಅಕ್ಕ’ ಮಾತ್ರ ‘ಅಕ’ ಆಗೇ ಉಳೀತು.

ಈಗ ಸ್ಕೂಲಲ್ಲಿ ಯಾರಾದ್ರೂ ಮಗೂಗೆ ಇದೇ ಥರ ರಿಪೋರ್ಟ್ ಬಂದ್ರೆ ನನಗೆ ಫೋನ್ ಬರುತ್ತೆ, ‘ಸರ್ ಯಾವುದಕ್ಕೆ ಸೇರ್ಸೋದು’ ಅಂತ. ನಾನು ಡಾಕ್ಟರೂ ಅಲ್ಲ ಸೈಕಾಲಜಿಸ್ಟೂ ಅಲ್ಲ, ಬ್ಯಾಂಕಲ್ಲಿ ಕೂತ್ಕೊಳೋ ಮನುಷ್ಯ, ಆದ್ರೆ ದುಡ್ಡು ಕಳ್ಕೊಂಡ್ಮೇಲೆ ಕೂತು ಓದಿದೀನಿ. ನಾನು ಉಪಯೋಗಿಸೋ ಅಳತೆ ಒಂದೇ. ಮಗು ಅಲ್ಲಿ ಮಾಡೋ ಅಭ್ಯಾಸ ಪುಸ್ತಕದಿಂದ ಎಷ್ಟು ದೂರ ಇದೆ ಅಂತ ನೋಡೋದು. ದೂರ ಆದಷ್ಟೂ ಅದರ ಫಲ ಪುಸ್ತಕಕ್ಕೆ ಬರೋದು ಕಷ್ಟ. ಇದನ್ನ ಇಟ್ಕೊಂಡೇ ಒಂದೊಂದಾಗಿ ನೋಡೋಣ, ದೂರದಿಂದ ಹತ್ತಿರಕ್ಕೆ.

ಅತೀ ದೂರದಲ್ಲಿರೋದು ಮಿಡ್‌ಬ್ರೈನ್ ಆಕ್ಟಿವೇಶನ್, ಇದನ್ನ ಎರಡು ಮಾತಲ್ಲಿ ಮುಗಿಸ್ತೀನಿ. ಕಣ್ಣಿಗೆ ಬಟ್ಟೆ ಕಟ್ಕೊಂಡು ಬಣ್ಣ ಹೇಳ್ತಾರೆ, ಪುಸ್ತಕ ಓದ್ತಾರೆ ಅಂತ ತೋರಿಸ್ತಾರಲ್ಲ, ಮೂಗಿನ ಪಕ್ಕದ ಸಂದೀಲಿ ಇಣುಕಿ ನೋಡೋದು ಅಷ್ಟೇ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನ ಎಷ್ಟೋ ಕಡೆ ಬಯಲು ಮಾಡಿದಾರೆ. ಕಣ್ಣು ಬಿಟ್ಕೊಂಡು ಓದಕ್ಕೆ ಕಷ್ಟಪಡ್ತಿರೋ ಮಗೂನ ಕಣ್ಣು ಕಟ್ಟಿ ಓದು ಅನ್ನೋದಕ್ಕಿಂತ ದೊಡ್ಡ ಕ್ರೌರ್ಯ ನನಗೆ ಗೊತ್ತಿಲ್ಲ. ಅಬಾಕಸ್ ಬೇರೆ ವಿಷ್ಯ, ಅದರಲ್ಲಿ ಮೋಸ ಇಲ್ಲ, ಮಣಿ ಲೆಕ್ಕ ಬೇಗ ಮಾಡಕ್ಕೆ ಬರುತ್ತೆ, ಆದ್ರೆ ಅದರಿಂದ ಓದು ಬರಹ ಸುಧಾರಿಸುತ್ತೆ ಅಂತ ಸೇರ್ಸೋಕೆ ಹೋಗ್ಬೇಡಿ, ಲೆಕ್ಕದಲ್ಲೇ ತೊಂದರೆ ಇರೋ ಮಗು, ಅಂದ್ರೆ ಡಿಸ್‌ಕ್ಯಾಲ್ಕುಲಿಯಾ, ಅದಕ್ಕಂತೂ ಆ ಸ್ಪೀಡಿನ ಕ್ಲಾಸು ಇನ್ನೊಂದು ಅವಮಾನ ಆಗ್ಬಿಡುತ್ತೆ. 5 ಅಂದ್ರೆ ಎಷ್ಟು, 8 ಅದಕ್ಕಿಂತ ಎಷ್ಟು ದೊಡ್ದು ಅನ್ನೋದನ್ನ ಹುಣಸೆ ಬೀಜ ಕಡ್ಡಿ ಇಟ್ಕೊಂಡು ನಿಧಾನಕ್ಕೆ ಮುಟ್ಟಿ ಎಣಿಸಿ ಕಲಿಯೋ ಮಗು ಅದು.

ಈಗ ದುಡ್ಡು ಜಾಸ್ತಿ ಹೋಗೋ ಜಾಗ, ಕಂಪ್ಯೂಟರ್ ಟ್ರೈನಿಂಗು. ಇದರಲ್ಲಿ ಹೆಸರುವಾಸಿಯಾಗಿದ್ದು ಕಾಗ್‌ಮೆಡ್. ಸ್ವೀಡನ್ನಿನ ಕರೋಲಿನ್ಸ್ಕಾ ಇನ್‌ಸ್ಟಿಟ್ಯೂಟಿನ ಟಾರ್ಕೆಲ್ ಕ್ಲಿಂಗ್‌ಬರ್ಗ್ ಅನ್ನೋ ವಿಜ್ಞಾನಿ ರೂಪಿಸಿದ್ದು. ಪರದೆ ಮೇಲೆ ದೀಪ ಹತ್ತಿದ ಕ್ರಮ ನೆನಪಿಟ್ಕೊಂಡು ಒತ್ತೋದು, ಅಂಕಿ ಕೇಳಿ ಹಿಂದಿನಿಂದ ಹೇಳೋದು, ಸರಿ ಮಾಡ್ತಾ ಹೋದ ಹಾಗೆ ಕಷ್ಟ ಜಾಸ್ತಿ ಆಗ್ತಾ ಹೋಗುತ್ತೆ, ಸುಮಾರು 5 ವಾರ, 25 ಸೆಶನ್. ಶುರುವಿನ ಸಣ್ಣ ಸಣ್ಣ ಅಧ್ಯಯನಗಳಲ್ಲಿ ಒಳ್ಳೆ ಫಲಿತಾಂಶ ಬಂತು, ಅದಕ್ಕೇ ಪ್ರಪಂಚ ಎಲ್ಲಾ ಹರಡ್ತು, ಇಲ್ಲಿನ ಸೆಂಟರ್‌ಗಳು ಬೇರೆ ಬೇರೆ ಹೆಸರಲ್ಲಿ ಮಾಡಿಸೋದೂ ಹೆಚ್ಚುಕಮ್ಮಿ ಇದೇ ಥರದ ಆಟ. ಆಮೇಲೆ 2013ರಲ್ಲಿ ಮೆಲ್ಬಿ-ಲೆರ್ವೋಗ್ ಮತ್ತೆ ಹ್ಯೂಮ್ ಅನ್ನೋ ಇಬ್ಬರು ಅಲ್ಲಿವರೆಗೂ ಬಂದ ಅಧ್ಯಯನ ಎಲ್ಲಾ ಒಟ್ಟಿಗಿಟ್ಟು ನೋಡಿದ್ರು. ಆಟದಂತದ್ದೇ ಕೆಲಸದಲ್ಲಿ ಸ್ವಲ್ಪ ದಿನ ಸುಧಾರಣೆ ಇರುತ್ತೆ, ಪದ ಓದೋದಕ್ಕಾಗಲಿ ಲೆಕ್ಕಕ್ಕಾಗಲಿ ಅದು ದಾಟಿ ಬರೋದಕ್ಕೆ ಗಟ್ಟಿ ಸಾಕ್ಷಿ ಇಲ್ಲ ಅಂದ್ರು. ನನಗೆ ಅದಕ್ಕಿಂತ ಮನಸ್ಸಿಗೆ ನಾಟಿದ್ದು ಆಸ್ಟ್ರೇಲಿಯಾದ್ದು, 2016ರಲ್ಲಿ ಜಾಮಾ ಪೀಡಿಯಾಟ್ರಿಕ್ಸ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ವರ್ಕಿಂಗ್ ಮೆಮೊರಿ ಕಡಿಮೆ ಇರೋ 452 ಮಕ್ಕಳನ್ನೇ ಆರಿಸಿ, ಅಂದ್ರೆ ನನ್ನ ಮಗಳಂತೋರನ್ನೇ, ಅರ್ಧ ಜನಕ್ಕೆ ಕಾಗ್‌ಮೆಡ್ ಕೊಟ್ಟು ಇನ್ನರ್ಧ ಜನಕ್ಕೆ ಎಂದಿನ ಪಾಠ. ಒಂದು ವರ್ಷ ಆದ್ಮೇಲೆ, ಎರಡು ವರ್ಷ ಆದ್ಮೇಲೆ ನೋಡಿದ್ರೆ ಓದೋದ್ರಲ್ಲಿ, ಸ್ಪೆಲಿಂಗಲ್ಲಿ ಏನೂ ಲಾಭ ಇಲ್ಲ, ಗಣಿತದಲ್ಲಂತೂ ಎರಡನೇ ವರ್ಷ ಟ್ರೈನಿಂಗ್ ತಗೊಂಡ ಮಕ್ಕಳೇ ಒಂಚೂರು ಹಿಂದೆ. ಪಾಠದ ಟೈಮ್ ಆಟಕ್ಕೆ ಹೋಯ್ತಲ್ಲ, ಇನ್ನೇನಾಗುತ್ತೆ ಅಂತ ನನ್ನ ಅನಿಸಿಕೆ.

ಯಾಕೆ ದಾಟಿ ಬರಲ್ಲ ಅನ್ನೋದಕ್ಕೆ ಒಂದು ಹಳೇ ಕಥೆ ಇದೆ. 1980ರಲ್ಲಿ ಅಮೆರಿಕದಲ್ಲಿ ಎಸ್.ಎಫ್. ಅಂತ ಬರೀ ಇನಿಶಿಯಲ್‌ನಲ್ಲಿ ಕರೆಯೋ ಒಬ್ಬ ಕಾಲೇಜ್ ಹುಡುಗನಿಗೆ ಅಂಕಿ ನೆನಪಿಟ್ಕೊಳೋ ಅಭ್ಯಾಸ ಮಾಡ್ಸಿದ್ರು. ಶುರೂಲಿ ಎಲ್ರ ಥರ 7 ಅಂಕಿ, 20 ತಿಂಗಳಾದ್ಮೇಲೆ 79 ಅಂಕಿ! ಮೆಮೊರಿ ಹನ್ನೊಂದು ಪಟ್ಟು ಬೆಳೀತು ಅನ್ಕೊಂಡ್ರಾ? ಅಂಕಿ ಬಿಟ್ಟು ಅಕ್ಷರ ಕೊಟ್ರೆ ಅವನು ವಾಪಸ್ 6ಕ್ಕೇ ಬಂದ. ಓಟಗಾರ ಆಗಿದ್ದ, ಅಂಕಿಗಳನ್ನ ರೇಸಿನ ಟೈಮಿಂಗ್ ಥರ ಜೋಡಿಸ್ಕೊಳೋ ಉಪಾಯ ಕಂಡ್ಕೊಂಡಿದ್ದ ಅಷ್ಟೇ. ನಮ್ಮ ಅವಧಾನಿಗಳನ್ನೇ ನೋಡಿ, ಎಷ್ಟು ಜನ ಪೃಚ್ಛಕರು ಎಷ್ಟು ಅಡ್ಡ ಹಾಕಿದ್ರೂ ಪದ್ಯದ ಸಾಲು ಜಾರಲ್ಲ, ಆದ್ರೆ ಅದು ವರ್ಷಾನುಗಟ್ಟಲೆ ಛಂದಸ್ಸಲ್ಲಿ ಮುಳುಗಿ ಬಂದ ನೆನಪು, ದೀಪ ಒತ್ತಿ ಬಂದಿದ್ದಲ್ಲ.

ಫಾಸ್ಟ್ ಫಾರ್‌ವರ್ಡ್ ಅಂತ ಇನ್ನೊಂದಿದೆ, ಶಬ್ದಗಳನ್ನ ನಿಧಾನ ಮಾಡಿ ಕೇಳಿಸಿ ಕಿವಿ-ಮೆದುಳು ತರಬೇತಿ ಮಾಡೋದು, ಪೌಲಾ ಟಲ್ಲಾಲ್ ಮತ್ತೆ ಮೈಕಲ್ ಮರ್ಜೆನಿಕ್ ಅವರ ಕೆಲಸದಿಂದ 1990ರ ದಶಕದಲ್ಲಿ ಬಂದಿದ್ದು, ವಿಜ್ಞಾನಿಗಳು ದೊಡ್ಡೋರೇ, ಆದ್ರೆ 2011ರಲ್ಲಿ ಅದರ ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದಾಗ ಓದಿಗೆ ಉಪಯೋಗ ಅನ್ನೋದಕ್ಕೆ ಸಾಕ್ಷಿ ಸಿಗಲಿಲ್ಲ. ಫೋನಲ್ಲಿ ಆಡೋ ಬ್ರೈನ್ ಆಪ್‌ಗಳ ಕಥೆ ಇನ್ನೂ ಚೆನ್ನಾಗಿದೆ, ಲುಮೋಸಿಟಿ ಕಂಪನಿ ಜಾಹೀರಾತಲ್ಲಿ ಸಾಕ್ಷಿ ಇಲ್ಲದ ಮಾತು ಹೇಳಿದ್ದಕ್ಕೆ 2016ರಲ್ಲಿ ಅಮೆರಿಕ ಸರ್ಕಾರದ ಫೆಡರಲ್ ಟ್ರೇಡ್ ಕಮಿಶನ್‌ಗೆ 20 ಲಕ್ಷ ಡಾಲರ್ ಕಟ್ಟಕ್ಕೆ ಒಪ್ಕೊಳ್ತು, ಅದೇ ವರ್ಷ ಎದುರುಬದುರು ಕೂತು ಟ್ರೈನಿಂಗ್ ಕೊಡೋ ಲರ್ನಿಂಗ್‌ಆರ್‌ಎಕ್ಸ್ ಕಂಪನಿ 2 ಲಕ್ಷ ಡಾಲರ್. ಹಾಗಂತ ಮಗು ಖುಷಿಗೆ ಆಡಿದ್ರೆ ತಪ್ಪಿಲ್ಲ, ಚೌಕಾಬಾರ ಆಡ್ಲಿ, ಅಳಗುಳಿಮಣೆ ಆಡ್ಲಿ, ಅದಕ್ಕೆ ಫೀಸ್ ಇಲ್ಲ.

ಆಮೇಲೆ ಥೆರಪಿಗಳು. ಇಲ್ಲಿ ಸ್ವಲ್ಪ ಹುಷಾರಾಗಿ ಮಾತಾಡ್ಬೇಕು, ಯಾಕಂದ್ರೆ ಕೆಲವು ಮಕ್ಕಳಿಗೆ ನಿಜವಾಗ್ಲೂ ಬೇಕು. ಆಕ್ಯುಪೇಶನಲ್ ಥೆರಪಿ, ಓಟಿ ಅಂತಾರಲ್ಲ, ಪೆನ್ಸಿಲ್ ಹಿಡಿಯಕ್ಕೇ ಕೈ ನೋವು ಬರುತ್ತೆ, ಶರ್ಟ್ ಗುಂಡಿ ಹಾಕ್ಕೊಳಕ್ಕೆ ಒದ್ದಾಡುತ್ತೆ, ಅಕ್ಷರ ಗೆರೆ ಮೇಲೆ ಕೂರೋದೇ ಇಲ್ಲ ಅಂತ ಇದ್ರೆ ಓಟಿ ಹತ್ರ ಹೋಗೋದು ಸರಿ, ಬರವಣಿಗೆಗೆ ಅದು ಹತ್ತಿರದ ಅಭ್ಯಾಸಾನೇ. ಅದೇ ಓಟಿ ರೂಮಲ್ಲಿ ಉಯ್ಯಾಲೆ, ಬ್ರಶ್, ಚೆಂಡಿನ ಮೇಲೆ ಹೊರಳೋದು, ಇದಕ್ಕೆ ಸೆನ್ಸರಿ ಇಂಟಿಗ್ರೇಶನ್ ಅಂತಾರೆ, ಮಾಡಿಸಿ ಇದರಿಂದ ಓದೋದು ಸುಧಾರಿಸುತ್ತೆ ಅಂದ್ರೆ ಮಾತ್ರ ನಂಬಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲೇ ಸೆನ್ಸರಿ ಇಂಟಿಗ್ರೇಶನ್ ಬಗ್ಗೆ ಸಾಕ್ಷಿ ಕಡಿಮೆ, ಅದನ್ನ ಅಪ್ಪ-ಅಮ್ಮಂಗೆ ಹೇಳಿ ಅಂತ ತನ್ನ ಡಾಕ್ಟರ್‌ಗಳಿಗೇ ಬರೀತು. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮದ ಬಗ್ಗೆ ಅದೇ ಸಂಘ ಕಣ್ಣಿನ ಡಾಕ್ಟರ್‌ಗಳ ಸಂಘದ ಜೊತೆ ಸೇರಿ 2009ರಲ್ಲಿ, ಡಿಸ್ಲೆಕ್ಸಿಯಾಗೆ ಇವು ಮದ್ದಲ್ಲ ಅಂತ ಹೇಳ್ತು. ಕಣ್ಣು ಕಿವಿ ಟೆಸ್ಟ್ ಮಾತ್ರ ಎಲ್ಲಕ್ಕಿಂತ ಮೊದಲು ಮಾಡ್ಸಿ, ಎಷ್ಟೋ ಸಲ ಮಾಮೂಲಿ ಪವರ್ ಕನ್ನಡಕ ಬೇಕಾಗಿರುತ್ತೆ, ಇಲ್ಲಾ ಕಿವೀಲಿ ಹಳೇ ಸೋಂಕು ಇರುತ್ತೆ.

ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದೆ ಚಡಪಡಿಸೋ ತೊಂದರೆನೂ ಜೊತೆಗಿದ್ರೆ, ಇರೋದು ಅಪರೂಪ ಏನಲ್ಲ, ಅದನ್ನ ಮಕ್ಕಳ ಸೈಕಿಯಾಟ್ರಿಸ್ಟ್ ಹತ್ರ ಬೇರೆಯಾಗೇ ನೋಡಿಸ್ಬೇಕು. ಗಮನಕ್ಕೆ ಔಷಧಿ ಕೊಟ್ರೆ ಗಮನ ಬರುತ್ತೆ, ಒತ್ತಕ್ಷರ ಬರಲ್ಲ. ಒತ್ತಕ್ಷರ ಕಲಿಸಿದ್ರೆ ಒತ್ತಕ್ಷರ ಬರುತ್ತೆ, ಗಮನ ನಿಲ್ಲಲ್ಲ. ಎರಡೂ ಬೇಕು ಅಂದ್ರೆ ಎರಡೂ ಮಾಡ್ಬೇಕು, ಅಡ್ಡದಾರಿ ಇಲ್ಲ.

ಮಧ್ಯದಲ್ಲಿ ಒಂದು ದಾರಿ ಇದೆ, ನನಗೆ ಗೌರವ ಇರೋದು. ಒಡಿಶಾದಲ್ಲಿ ಹುಟ್ಟಿ ಕೆನಡಾದ ಆಲ್ಬರ್ಟಾ ಯೂನಿವರ್ಸಿಟೀಲಿ ಕೆಲಸ ಮಾಡಿದ ಜೆ.ಪಿ. ದಾಸ್ ಅವರ ಪ್ರೆಪ್ ಅನ್ನೋ ಕಾರ್ಯಕ್ರಮ. ಅವರು ಗಮನ, ಕ್ರಮವಾಗಿ ಜೋಡಿಸೋದು, ಒಟ್ಟಾಗಿ ನೋಡೋದು, ಪ್ಲಾನ್ ಮಾಡೋದು ಅಂತ ನಾಲ್ಕು ಬಗೆಯಾಗಿ ಬುದ್ಧೀನ ನೋಡಿದ್ರು. ಪ್ರೆಪ್‌ನಲ್ಲಿ ಮೊದಲು ಆಕಾರಗಳ ಜೊತೆ ಕ್ರಮ ಹಿಡಿಯೋ ಆಟ, ತಕ್ಷಣ ಅದೇ ಉಪಾಯ ಅಕ್ಷರ ಪದಗಳ ಮೇಲೆ. ನೋಡಿ, ಆಟ ಪುಸ್ತಕದ ಬಾಗಿಲವರೆಗೂ ತಂದು ಬಿಡುತ್ತೆ. ನಮ್ಮೂರುಗಳಲ್ಲಿ ಇದನ್ನ ಸರಿಯಾಗಿ ಕಲಿತು ಮಾಡಿಸೋರು ಸಿಗೋದು ಕಷ್ಟ, ಸಿಕ್ಕಿದ್ರೆ ರೆಮಿಡಿಯಲ್, ಅಂದ್ರೆ ಮಗು ಎಡವಿದ ಜಾಗದಿಂದಾನೇ ಓದು ಬರಹ ಮತ್ತೆ ಕಲಿಸೋ ಪಾಠ, ಅದರ ಜೊತೆಗೆ ತಗೋಬಹುದು, ಅದರ ಬದಲಿಗೆ ಬೇಡ.

ಪುಸ್ತಕಕ್ಕೇ ಅಂಟ್ಕೊಂಡಿರೋದು ರೆಮಿಡಿಯಲ್ ಟೀಚಿಂಗು, ನನ್ನ ಓಟು ಇದಕ್ಕೆ, ಹಾಗಾಗಿ ಇಲ್ಲಿ ಜಾಸ್ತಿ ಹೊತ್ತು ನಿಲ್ತೀನಿ. ಇಂಗ್ಲಿಷಿಗೆ ದಾರಿ ಚೆನ್ನಾಗಿ ಸವೆದಿದೆ. ಸ್ಯಾಮ್ಯುಯೆಲ್ ಆರ್ಟನ್ ಅನ್ನೋ ಡಾಕ್ಟರು, ಆನ್ನಾ ಗಿಲ್ಲಿಂಗ್‌ಹ್ಯಾಮ್ ಅನ್ನೋ ಟೀಚರ್ರು 1930ರ ದಶಕದಲ್ಲಿ ಕಟ್ಟಿದ ಪದ್ಧತಿ ಇವತ್ತಿಗೂ ಅವರ ಹೆಸರಲ್ಲೇ ನಡೀತಿದೆ, ಒಂದೊಂದು ಶಬ್ದ, ಒಂದೊಂದು ಅಕ್ಷರ, ನೋಡಿ-ಕೇಳಿ-ಹೇಳಿ-ಬರೆದು, ಹಿಂದಿನದ್ದು ಗಟ್ಟಿಯಾಗದೆ ಮುಂದಿನದ್ದಿಲ್ಲ. ಆ ಬ್ರ್ಯಾಂಡ್ ಹೆಸರೇ ಬೇಕು ಅಂತ ಹಟ ಬೇಡ, ಒಳಗಿರೋ ಕ್ರಮಬದ್ಧ ಫೋನಿಕ್ಸ್, ಅಂದ್ರೆ ಅಕ್ಷರಕ್ಕೂ ಶಬ್ದಕ್ಕೂ ಗಂಟು ಹಾಕಿ ಕಲಿಸೋದು, ಮುಖ್ಯ, ಅಮೆರಿಕದ ನ್ಯಾಶನಲ್ ರೀಡಿಂಗ್ ಪ್ಯಾನೆಲ್ 2000ನೇ ಇಸವೀಲಿ ಕೊಟ್ಟ ವರದೀಲೂ ಗಟ್ಟಿಯಾಗಿ ನಿಂತಿದ್ದು ಅದೇ.

ಕನ್ನಡಕ್ಕೆ ಬಂದಾಗ ಜನ ಎಡವ್ತಾರೆ. ‘ಕನ್ನಡ ಹೇಳಿದಂಗೇ ಬರೆಯೋ ಭಾಷೆ, ಇದರಲ್ಲೇನು ಡಿಸ್ಲೆಕ್ಸಿಯಾ’ ಅಂತ ನಮ್ಮಮ್ಮಾನೂ ಅಂದ್ರು, ಒಬ್ಬ ಹೆಡ್‌ಮಾಸ್ಟ್ರೂ ಅಂದ್ರು. ವರ್ಣಮಾಲೆ 49 ಅಂತ ಹೇಳ್ತೀವಿ, ಆದ್ರೆ ಕಾಗುಣಿತ ಸೇರಿದ್ರೆ ಮಗು ಗುರುತಿಸ್ಬೇಕಾದ ರೂಪಗಳು ನೂರಾರು, ಒತ್ತಕ್ಷರ ಸೇರಿದ್ರೆ ಇನ್ನೂ ಜಾಸ್ತಿ. ಪ ವ ಷ ಒಂದೇ ಮನೆ ಮಕ್ಕಳಿದ್ದಂಗೆ, ದ ಧ ಥ ಡ ಢ ನೋಡಿದ್ರೆ ದೊಡ್ಡೋರಿಗೇ ತಲೆ ತಿರುಗುತ್ತೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನಲ್ಲಿದ್ದು ಕನ್ನಡ ಮಕ್ಕಳ ಓದಿನ ಮೇಲೆ ಕೆಲಸ ಮಾಡಿದ ಸೊನಾಲಿ ನಾಗ್ ಅವರ 2007ರ ಅಧ್ಯಯನದಲ್ಲಿ ಮಾಮೂಲಿ ಮಕ್ಕಳಿಗೇ ಅಕ್ಷರ ಪೂರ್ತಿ ಕೈವಶ ಆಗಕ್ಕೆ ನಾಲ್ಕನೇ ಕ್ಲಾಸ್ ದಾಟುತ್ತೆ ಅಂತ ಬಂತು. ಅಂದ್ರೆ ಒಂದನೇ ಕ್ಲಾಸಲ್ಲಿ ಒತ್ತಕ್ಷರ ಬಂದಿಲ್ಲ ಅಂದ ತಕ್ಷಣ ಹೆದರ್ಬೇಡಿ, ಆದ್ರೆ ಮೂರನೇ ಕ್ಲಾಸಲ್ಲೂ ಕಾಗುಣಿತ ತಡವರಿಸ್ತಿದ್ರೆ ‘ದೊಡ್ಡೋಳಾದ್ಮೇಲೆ ಸರಿಹೋಗುತ್ತೆ’ ಅಂತ ಕೂರಬೇಡಿ, ನಾವು ಕೂತು ಒಂದು ವರ್ಷ ಕಳ್ಕೊಂಡ್ವಿ.

ನಮ್ಮ ಮಗಳ ರೆಮಿಡಿಯಲ್ ಟೀಚರ್ ಮಾಡೋದು ನೋಡಕ್ಕೆ ಏನೂ ಇಲ್ಲ, ಅದಕ್ಕೇ ಯಾರೂ ಜಾಹೀರಾತು ಹಾಕಲ್ಲ. ರಾಗಿ ಹರಡಿದ ತಟ್ಟೇಲಿ ‘ಕ್ಕ’ ಬರೆಸ್ತಾರೆ, ಬರೀತಾ ಬಾಯಲ್ಲಿ ಒತ್ತಿ ಹೇಳ್ಬೇಕು. ‘ಅಕ’ ‘ಅಕ್ಕ’, ‘ಕತೆ’ ‘ಕತ್ತೆ’, ‘ಹಳಿ’ ‘ಹಳ್ಳಿ’ ಜೋಡಿ ಜೋಡಿ ಕಾರ್ಡು, ಕಿವಿಗೆ ಕೇಳಿಸಿ ಯಾವುದು ಅಂತ ಎತ್ತಬೇಕು, ಅರ್ಥ ಇಲ್ಲದ ಜೋಡಿಗೆ ನಗ್ತಾಳೆ, ಅದೂ ಇರ್ಲಿ ಅಂತಾರೆ ಟೀಚರ್ರು. ಪದದ ಮೊದಲ ಅಕ್ಷರ ಕಿತ್ತು ಉಳಿದಿದ್ದು ಹೇಳು ಅಂತಾರೆ, ‘ಮರ’ದಲ್ಲಿ ‘ಮ’ ತೆಗೆದ್ರೆ? ‘ರ’. ‘ಮ’ ಒಳಗಿರೋ ‘ಮ್’ ತೆಗೆದ್ರೆ? ಇದು ಆರು ತಿಂಗಳು ಹಿಡೀತು, ನಮ್ಮ ಲಿಪೀಲಿ ವ್ಯಂಜನ ಸ್ವರ ಒಂದೇ ಉಂಡೆಯಾಗಿ ಕೂತಿರ್ತಾವಲ್ಲ, ಬಿಡಿಸಿ ಕೇಳಿಸ್ಕೊಳೋದು ಮಕ್ಕಳಿಗೆ ತಡವಾಗೇ ಬರೋದು. ಕೊನೇ ಹತ್ತು ನಿಮಿಷ ಒಂದೇ ಪ್ಯಾರಾ ಮೂರು ಸಲ ಗಟ್ಟಿಯಾಗಿ ಓದೋದು. ವಾರಕ್ಕೆ 3 ದಿನ, 45 ನಿಮಿಷ, ಮನೇಲಿ ದಿನಾ 15 ನಿಮಿಷ. ಇದೂ ಮೆಮೊರಿ ಅಭ್ಯಾಸಾನೇ, ಗಮನದ ಅಭ್ಯಾಸಾನೇ, ಆದ್ರೆ ಅಕ್ಷರದ ಮೇಲೇ ಮಾಡಿಸೋದ್ರಿಂದ ದಾಟ್ಬೇಕಾದ ಹೊಳೇನೇ ಇಲ್ಲ.

ರೆಮಿಡಿಯಲ್ ಅಂತ ಬೋರ್ಡ್ ಹಾಕಿ ಟ್ಯೂಶನ್ ಮಾಡೋರು ಬಹಳ ಜನ. ವ್ಯತ್ಯಾಸ ಸುಲಭ, ಸ್ಕೂಲಿನ ಹೋಮ್‌ವರ್ಕ್ ಮುಗಿಸಿ ಕಳಿಸ್ತಿದ್ರೆ ಅದು ಟ್ಯೂಶನ್. ಮಗು ಎಲ್ಲಿ ನಿಂತಿದೆ ಅಂತ ಮೊದಲು ಟೆಸ್ಟ್ ಮಾಡಿ, ಆರನೇ ಕ್ಲಾಸಾದ್ರೂ ಸರಿ ಎರಡನೇ ಕ್ಲಾಸಿನ ಮಟ್ಟದಿಂದ ಎತ್ಕೊಂಡು ಬಂದ್ರೆ ಅದು ರೆಮಿಡಿಯಲ್. ಸ್ಪೆಶಲ್ ಎಜುಕೇಟರ್‌ಗಳಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರುತ್ತೆ, ಸಿಆರ್‌ಆರ್ ನಂಬರ್ ಅಂತಾರೆ, ಕೇಳಿ, ಕೇಳಿದ್ರೆ ಒಳ್ಳೆ ಟೀಚರ್ ಬೇಜಾರು ಮಾಡ್ಕೊಳಲ್ಲ.

ದೊಡ್ಡ ಮಕ್ಕಳಿಗೆ, ಅಂದ್ರೆ ಆರು ಏಳನೇ ಕ್ಲಾಸ್ ಮೇಲೆ, ಇನ್ನೊಂದು ಸೇರಿಸ್ಕೊಳ್ಬೇಕು, ಉಪಾಯ ಕಲಿಸೋದು. ಪ್ರಬಂಧ ಬರೆಯೋ ಮುಂಚೆ ಏನೇನು ಹೇಳ್ಬೇಕು ಅಂತ ನಾಲ್ಕು ಪದ ಗೀಚ್ಕೊಳೋದು, ಬರೆದ್ಮೇಲೆ ಚೆಕ್‌ಲಿಸ್ಟ್ ಹಿಡಿದು ತಾನೇ ತಿದ್ದೋದು, ಲೆಕ್ಕದ ಪ್ರಶ್ನೇಲಿ ಏನು ಕೊಟ್ಟಿದಾರೆ ಏನು ಕೇಳಿದಾರೆ ಅಂತ ಗೆರೆ ಹಾಕೋದು. ಕರೆನ್ ಹ್ಯಾರಿಸ್ ಮತ್ತೆ ಸ್ಟೀವ್ ಗ್ರಹಾಂ ಇದನ್ನ ಬರವಣಿಗೆಗೆ ಪೂರ್ತಿ ಪದ್ಧತಿಯಾಗೇ ಮಾಡಿದಾರೆ, ಕಲಿಕಾ ತೊಂದರೆ ಇರೋ ಮಕ್ಕಳ ಬರವಣಿಗೆಗೆ ಒಳ್ಳೆ ಸಾಕ್ಷಿ ಇರೋದರಲ್ಲಿ ಇದೂ ಒಂದು. ಮೆಮೊರಿ ಅನ್ನೋ ಚೀಲ ದೊಡ್ದು ಮಾಡಕ್ಕೆ ಹೋಗೋ ಬದಲು ಅದರಲ್ಲಿ ತುಂಬೋದನ್ನ ಕಮ್ಮಿ ಮಾಡೋದು. ಮನೇಲೂ ಅಷ್ಟೇ, ‘ಬ್ಯಾಗ್ ತಗೋ, ಬಾಟ್ಲಿ ತುಂಬ್ಸು, ಡೈರಿಗೆ ಸೈನ್ ಹಾಕ್ಸು’ ಅಂತ ಒಂದೇ ಉಸಿರಲ್ಲಿ ಹೇಳಿ ಆಮೇಲೆ ಬೈತಿದ್ದೆ ನಾನು, ಈಗ ಒಂದೊಂದೇ ಹೇಳ್ತೀನಿ, ಇಲ್ಲಾ ಫ್ರಿಡ್ಜ್ ಮೇಲೆ ಬರೆದಿರುತ್ತೆ. ಬರೀ ಇದರಿಂದಾನೇ ಬೆಳಗಿನ ಜಗಳ ಅರ್ಧ ಹೋಯ್ತು.

ರಿಯಾಯಿತಿ ಬಗ್ಗೆ ನಾಚ್ಕೋಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟೀಲಿ ಕಲಿಕಾ ತೊಂದರೆನೂ ಇದೆ. 2018ರಲ್ಲಿ ಬಂದ ಕೇಂದ್ರದ ಮಾರ್ಗಸೂಚೀಲಿ 8 ವರ್ಷ ತುಂಬಿದ ಮಕ್ಕಳಿಗೆ ಸರ್ಟಿಫಿಕೇಟ್, ಅದಕ್ಕೆ ನಿಮ್ಹಾನ್ಸ್ ರೂಪಿಸಿದ ಟೆಸ್ಟುಗಳು ಅಂತಿತ್ತು. ಸಿಬಿಎಸ್‌ಇ ಪರೀಕ್ಷೇಲಿ ಗಂಟೆಗೆ 20 ನಿಮಿಷ ಹೆಚ್ಚಿಗೆ ಸಿಗುತ್ತೆ, ಬೇಕಾದ್ರೆ ಬರೆಯಕ್ಕೆ ಸ್ಕ್ರೈಬ್. ಸ್ಟೇಟ್ ಸಿಲಬಸ್‌ನೋರು ಎಂಟು ಒಂಬತ್ತನೇ ಕ್ಲಾಸಲ್ಲೇ ಹೆಡ್‌ಮಾಸ್ಟ್ರ ಹತ್ರ ಕೂತು ಮಾತಾಡಿ ಪೇಪರ್ ಶುರು ಮಾಡಿ, ಎಸ್‌ಎಸ್‌ಎಲ್‌ಸಿ ಹಾಲ್‌ಟಿಕೆಟ್ ಬರೋ ಟೈಮಿಗೆ ಓಡಾಡಿದ್ರೆ ಆಗಲ್ಲ.

ಊರು ನೋಡಿ ಆರಿಸ್ಕೊಳೋದಾದ್ರೆ: ಬೆಂಗಳೂರು ಸುತ್ತಮುತ್ತಲಿನವರು ನಿಮ್ಹಾನ್ಸ್ ಮಕ್ಕಳ ವಿಭಾಗ, ಕಾಯ್ಬೇಕಾಗುತ್ತೆ ಆದ್ರೆ ರಿಪೋರ್ಟ್‌ಗೆ ಬೆಲೆ ಇದೆ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನದ ಕಡೆಯವರಿಗೆ ಆಯಿಷ್. ತಾಲ್ಲೂಕಲ್ಲಿ ಸರ್ಕಾರಿ ಶಾಲೇಲಿ ಓದ್ತಿದ್ರೆ ಬಿಆರ್‌ಸಿ, ಅಂದ್ರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಕಚೇರೀಲಿ ಬಿಐಇಆರ್‌ಟಿ ಅಂತ ಸಂಪನ್ಮೂಲ ಶಿಕ್ಷಕರಿರ್ತಾರೆ, ಅವರನ್ನ ಹಿಡೀರಿ, ಎಷ್ಟೋ ಅಪ್ಪ-ಅಮ್ಮಂಗೆ ಅವರಿದಾರೆ ಅಂತಾನೇ ಗೊತ್ತಿರಲ್ಲ. ಮನೇಸರ್‌ನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು 2015ರಲ್ಲಿ ಬಿಡುಗಡೆ ಮಾಡಿದ ಡಾಲಿ ಅನ್ನೋ ಪರೀಕ್ಷೆ ಕನ್ನಡದಲ್ಲೂ ಇದೆ, ಇಂಗ್ಲಿಷಲ್ಲಿ ಟೆಸ್ಟ್ ಮಾಡಿ ಕನ್ನಡ ಮೀಡಿಯಂ ಮಗೂಗೆ ಹಣೆಪಟ್ಟಿ ಕಟ್ಟಕ್ಕೆ ಬಂದ್ರೆ ಒಪ್ಪಬೇಡಿ.

ದುಡ್ಡು ಒಂದಕ್ಕೇ ಸಾಲುತ್ತೆ ಅಂದ್ರೆ ರೆಮಿಡಿಯಲ್. ಹತ್ತಿರ ಟೀಚರ್ರೇ ಇಲ್ಲ ಅಂದ್ರೆ ದುಬಾರಿ ಆಪ್ ಬದಲು ಮನೇಲೇ ದಿನಾ 20 ನಿಮಿಷ, ರಾಗಿ ತಟ್ಟೆ, ಕಾರ್ಡು, ಮೂರು ಸಲದ ಓದು, ತಿಂಗಳಿಗೊಂದ್ಸಲ ದೂರದ ಎಕ್ಸ್‌ಪರ್ಟ್ ಹತ್ರ ವಿಡಿಯೋ ಕಾಲ್. ಬರೆಯೋದೇ ಮುಖ್ಯ ತೊಂದರೆ ಆದ್ರೆ ಓಟಿ ಮತ್ತೆ ರೆಮಿಡಿಯಲ್ ಎರಡೂ, ಓಟಿಗೆ ಮೂರ್ನಾಲ್ಕು ತಿಂಗಳ ಗಡುವು ಇಟ್ಕೊಳಿ.

ಯಾವುದಕ್ಕೇ ಸೇರ್ಸಿದ್ರೂ ಅವರ ಗ್ರಾಫ್ ನಂಬಬೇಡಿ, ನಿಮ್ಮದೇ ಒಂದು ಅಳತೆ ಇಟ್ಕೊಳಿ. ಮಗು ಹಿಂದೆ ಓದಿರದ ಒಂದು ಪುಟ, ಅವಳ ಮಟ್ಟದ್ದು, ಫೋನಲ್ಲಿ ರೆಕಾರ್ಡ್ ಹಾಕಿ 1 ನಿಮಿಷ ಓದಿಸಿ, ಸರಿಯಾಗಿ ಓದಿದ ಪದ ಎಣಿಸಿ. ಪ್ರತಿ ತಿಂಗಳು ಅದೇ ಮಟ್ಟದ ಬೇರೆ ಪುಟ. ಬ್ರೈನ್ ಟ್ರೈನಿಂಗ್ ನಡೀತಿದ್ದ ಮೂರು ತಿಂಗಳಲ್ಲಿ ನಮ್ಮದು 14, 15, 14. ರೆಮಿಡಿಯಲ್ ಶುರುವಾಗಿ ಮೊದಲ ಎರಡು ತಿಂಗಳೂ ಅಷ್ಟೇ ಇತ್ತು, ಹೆಂಡ್ತಿ ಇದೂ ದಂಡ ಅಂದ್ಲು, ನಾಲ್ಕನೇ ತಿಂಗಳು 21 ಬಂತು, ವರ್ಷ ಕಳೆದಾಗ 38. ಅವಳ ಕ್ಲಾಸಿನ ಬೇರೆ ಮಕ್ಕಳು ಇದಕ್ಕಿಂತ ಎಷ್ಟೋ ಮುಂದಿದಾರೆ, ಅದೂ ಗೊತ್ತು. ಮತ್ತೆ ಫೀಸು ತಿಂಗಳ ತಿಂಗಳ ಕಟ್ಟಿ, ಪೂರ್ತಿ ಪ್ಯಾಕೇಜ್ ಕಟ್ಟಿದ್ರೆ 10 ಪರ್ಸೆಂಟ್ ಬಿಡ್ತೀವಿ ಅಂದ್ರೂ ಸರಿ, ಆ ಬ್ರೈನ್ ಟ್ರೈನಿಂಗ್ ಸೆಂಟರಿಂದ ನಮ್ಮ ಉಳಿದ 18 ಸಾವಿರ ಇನ್ನೂ ವಾಪಸ್ ಬಂದಿಲ್ಲ.